ಆಣೆ ಮಾಡದ ಖಂಡೆಪ್ಪ ಮತ್ತು ಹಿತ್ತಾಳೆಯ ಎಣ್ಣೆಡಬ್ಬಿ

ಈ ದಾಖಲೆಗಾಗಿ ಖಂಡೆಪ್ಪನ ಜೊತೆ ನಡೆದ ಮೊದಲ ಮಾತುಕತೆಯನ್ನು ಗೊತ್ತುಮಾಡಿದವಳು ಅವನ ಹೆಂಡತಿ ಚಂದ್ರಾಬಾಯಿ. ೧೯೮೮ರ ಬೇಸಿಗೆಯಲ್ಲಿ ಜಹೀರಾಬಾದಿನ ಹೆದ್ದಾರಿ ಬದಿಯಲ್ಲಿದ್ದ ಅವನ ತಗಡಿನ ಶೆಡ್ಡಿಗೆ ಎರಡು ಸಲ ಹೋದದ್ದು ವ್ಯರ್ಥವಾಗಿತ್ತು. ಎರಡೂ ಸಲ ಅವನು ಲಾರಿಯ ಕೆಳಗಿನಿಂದ ತಲೆಯನ್ನೇ ಹೊರಗೆ ಹಾಕಿರಲಿಲ್ಲ. ಮೂರನೆಯ ಸಲ ಚಂದ್ರಾಬಾಯಿ ಚಹಾದ ಕಪ್ಪನ್ನು ಗಾಲಿಯ ಪಕ್ಕದಲ್ಲಿಟ್ಟು, ಬಗ್ಗಿ, ಕತ್ತಲೆಯೊಳಗೆ ಕಾಣುತ್ತಿದ್ದ ಎರಡು ಪಾದಗಳಿಗೆ ಹೇಳಿದಳು:

"ಏನ್ರಿ, ಮೂರು ವರ್ಷದಿಂದ ಅದೇ ಸುದ್ದಿ ತಗದು ನನ್ನ ಮುಂದ ಬೈಲಾಕತ್ತೀರಿ. ನನ್ನ ಕಿವಿ ತೂತು ಬಿದ್ದಾವ. ಈಗ ಕೇಳೋರು ತಾವಾಗೇ ಬಂದಾರ. ಅವರ ಮುಂದ ಬೈರಿ, ನನಗೊಂದಿಷ್ಟು ಆರಾಮ ಆಗ್ತದ."

ಅಮಾವಾಸ್ಯೆಯ ದಿನ ಅವನು ಯಾರ ಗಾಡಿಯ ನಟ್ಟಿಗೂ ಪಾನಾ ಹಚ್ಚುವುದಿಲ್ಲ. ಮುಂದಿನ ಅಮಾವಾಸ್ಯೆಯ ಬೆಳಗ್ಗೆ ಎಂಟಕ್ಕೆ ಬರಬೇಕೆಂದು ಅವಳೇ ನಿಶ್ಚಯಿಸಿದಳು. ಆ ದಿನ ಖಂಡೆಪ್ಪ ಸ್ನಾನ ಮಾಡಿ, ಹಣೆಗೆ ಭಂಡಾರ ಹಚ್ಚಿಕೊಂಡು, ತೊಳೆದ ಅಂಗಿ ತೊಟ್ಟು ಶೆಡ್ಡಿನ ಬಾಗಿಲಲ್ಲಿ ಕೂತಿದ್ದ. ಟೇಪ್ ರೆಕಾರ್ಡರನ್ನು ನೋಡಿ ಅವನು ಕೇಳಿದ ಮೊದಲ ಪ್ರಶ್ನೆ: "ಇದರಾಗ ನನ್ನ ದನಿ ಹಾಕಿದ್ರ ಆ ಆತ್ಮಾರಾಮಗೂ ಕೇಳಸ್ತದೇನ್ರಿ?" ಕೇಳಿಸಬಹುದು ಎಂಬ ಉತ್ತರ ಬಂದ ಮೇಲೆ, "ಹಂಗಾದ್ರ ಹಾಕ್ರಿ. ದನಿ ಜೋರು ಇಡ್ರಿ," ಎಂದ.

ಅವನು ತಾನು ಬೈಯುತ್ತಿದ್ದ ಆತ್ಮಾರಾಮನಿಂದ ಆರಂಭಿಸಲಿಲ್ಲ. ತನ್ನ ಅಪ್ಪ ಅಂಜಪ್ಪನಿಂದ ಆರಂಭಿಸಿದ.

ನಾರಾಯಣಖೇಡದ ಕಡೆ ಮನೂರಿನ ಹತ್ತಿರದ ಹಳ್ಳಿ. ಮಳೆ ನೆಚ್ಚಿದ ಹೊಲ, ತೊಗರಿ, ಜೋಳ. ಖಂಡೆಪ್ಪ ಇನ್ನೂ ನಡೆಯಲು ಕಲಿಯದಿದ್ದಾಗ ಪಕ್ಕದ ಮನೆಯವರ ನೇಗಿಲಿನ ಕುಳ ಕಳೆದುಹೋಯಿತು. ಅನುಮಾನ ಅಂಜಪ್ಪನ ಮೇಲೆ ಬಂತು. ಆ ಸೀಮೆಯಲ್ಲಿ ಇಂಥದಕ್ಕೆಲ್ಲ ಇದ್ದ ಪರಿಹಾರ ಒಂದೇ: ಮೈಲಾರನ ಗುಡಿಯಲ್ಲಿ ಭಂಡಾರದ ಬಟ್ಟಲಿನ ಮೇಲೆ ಕೈಯಿಟ್ಟು 'ನಾನಲ್ಲ' ಎನ್ನುವುದು. ಆ ಅರಿಶಿನದ ಪುಡಿಯ ಮೇಲೆ ಕೈಯಿಟ್ಟು ಸುಳ್ಳು ಹೇಳುವವನು ಉಂಟೇ? ಅಂಜಪ್ಪ ಕೈಯಿಟ್ಟ. ಮಾತು ಮುಗಿಯಿತು. ಹದಿನೈದು ದಿನಕ್ಕೆ ಕುಳ ಪಕ್ಕದ ಮನೆಯವರದೇ ಬಣವೆಯಲ್ಲಿ ಸಿಕ್ಕಿತು. ಆದರೆ ಊರಿಗೆ ನೆನಪುಳಿದದ್ದು ಕುಳ ಸಿಕ್ಕಿದ್ದಲ್ಲ, ಅಂಜಪ್ಪ ಆಣೆ ಮಾಡಿದ್ದು. ಅಂದಿನಿಂದ ಅವನು 'ಆಣಿ ಅಂಜಪ್ಪ'. ಮದುವೆಗೆ ಕರೆಯುವವರೂ ಹಾಗೆಯೇ ಕರೆದರು, ಹೆಣ ಹೊರಲು ಕರೆಯುವವರೂ ಹಾಗೆಯೇ ಕರೆದರು.

೧೯೫೬ರಲ್ಲಿ ರಾಜ್ಯಗಳ ಗಡಿ ಹೊಸದಾಗಿ ಎಳೆದಾಗ ಬೀದರ ಜಿಲ್ಲೆಯಲ್ಲಿದ್ದ ನಾರಾಯಣಖೇಡ ಆಂಧ್ರಕ್ಕೆ ಸೇರಿತು. ಖಂಡೆಪ್ಪ ಆಗ ನಾಲ್ಕನೆಯ ಇಯತ್ತೆ. ಕನ್ನಡದ ಮಾಸ್ತರರು ಬೀದರದ ಕಡೆಗೆ ಹೊರಟುಹೋದರು, ತೆಲುಗಿನ ಮಾಸ್ತರರು ಬಂದರು. ಹೊಸ ಹಾಜರಿ ಪುಸ್ತಕ ಬರೆಯುವಾಗ ಅವರು ಇವನ ಅಪ್ಪನ ಹೆಸರು ಕೇಳಿದರು. ಹಿಂದೆ ಕೂತಿದ್ದ ಹುಡುಗರು ಒಂದೇ ದನಿಯಲ್ಲಿ "ಆಣಿ ಅಂಜಪ್ಪ" ಎಂದು ಕೂಗಿದರು. ತೆಲುಗರಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಮಾಸ್ತರರು ಅದನ್ನೂ ಮನೆತನದ ಹೆಸರೆಂದೇ ತಿಳಿದು 'ಆಣಿ ಖಂಡೆಪ್ಪ' ಎಂದು ದುಂಡಗೆ ಬರೆದರು. ಶಾಲೆಯ ಸರ್ಟಿಫಿಕೇಟಿಗೆ ಅದೇ ಇಳಿಯಿತು. ಮುಂದೆ ಡ್ರೈವಿಂಗ್ ಲೈಸೆನ್ಸಿಗೂ ಅದೇ ಏರಿತು.

"ನಮ್ಮಪ್ಪ ಕದಿಯದ ಕುಳ ನನ್ನ ಲೈಸೆನ್ಸಿನ್ಯಾಗ ಕೂತದ ನೋಡ್ರಿ," ಎಂದು ಖಂಡೆಪ್ಪ ಆ ಕಾಗದವನ್ನು ಮುಂದೆ ಹಿಡಿದ. ಮೂಲೆಗಳು ಎಣ್ಣೆ ಕುಡಿದು ಪಾರದರ್ಶಕವಾಗಿದ್ದವು.

ಲಾರಿ ತೊಳೆಯುವುದರಿಂದ ಹಿಡಿದು ಎಂಜಿನ್ ಬಿಚ್ಚಿ ಕಟ್ಟುವವರೆಗೆ ಅವನು ಕಲಿತದ್ದೆಲ್ಲ ಜಹೀರಾಬಾದಿನ ಹೆದ್ದಾರಿಯಲ್ಲಿ. ೧೯೭೧ರಲ್ಲಿ ತಾಂಡೂರಿನ ಕಲ್ಲುಗಣಿಗಳಲ್ಲಿ ಡ್ರೈವರ್ ಆದ. ೧೯೮೪ರ ಕೊನೆಗೆ ಗಣಿ ಗುತ್ತೇದಾರ ಆತ್ಮಾರಾಮ ಒಂದು ದೊಡ್ಡ ಟಿಪ್ಪರ್ ತಂದ. ಯಾವುದೋ ಅಣೆಕಟ್ಟಿನ ಕೆಲಸ ಮುಗಿದ ಮೇಲೆ ಹರಾಜಿಗೆ ಬಂದ ಗಾಡಿ ಅದು. ಅದರಲ್ಲಿದ್ದದ್ದು ಟರ್ಬೊ ಎಂಜಿನ್. ಹೊರಗೆ ಹೋಗುವ ಹೊಗೆಯ ರಭಸದಿಂದಲೇ ಒಂದು ಸಣ್ಣ ಚಕ್ರ ತಿರುಗಿ, ಎಂಜಿನ್ನಿನ ಬಾಯಿಗೆ ಗಾಳಿಯನ್ನು ತುರುಕುವ ಏರ್ಪಾಡು. ತುಂಬಿದ ಗಾಡಿ ಗಣಿಯ ಏರನ್ನು ಹತ್ತುವಾಗ ಸಿಳ್ಳೆ ಹಾಕುತ್ತಿತ್ತು. ಅದನ್ನು ಸರಿಯಾಗಿ ಓಡಿಸಬಲ್ಲವನು ಖಂಡೆಪ್ಪ ಒಬ್ಬನೇ.

ಆ ಗಾಡಿಯಲ್ಲಿ ಎಂಜಿನ್ ಎಣ್ಣೆ ನಿಲ್ಲುತ್ತಿರಲಿಲ್ಲ. ಗಣಿಯ ಲೆಕ್ಕ ಬರೆಯುವ ಮುನಷಿ ಶಂಕ್ರೆಪ್ಪ ಪ್ರತಿದಿನ ಬೆಳಗ್ಗೆ ಎಂಜಿನ್ನಿನೊಳಗಿನ ಅಳತೆಕಡ್ಡಿ ಎಳೆದು, ಚಿಂದಿಯಿಂದ ಒರಸಿ, ಮತ್ತೆ ಇಳಿಸಿ ನೋಡುತ್ತಿದ್ದ. ಎರಡು ದಿನಕ್ಕೆ ಒಂದು ಲೀಟರ್ ಕಡಿಮೆ. ಗಾಡಿ ನಿಂತ ಜಾಗದಲ್ಲಿ ಮಾತ್ರ ಒಂದು ಹನಿ ಎಣ್ಣೆಯೂ ಬಿದ್ದಿರುತ್ತಿರಲಿಲ್ಲ.

೧೯೮೫ರ ಅಕ್ಟೋಬರಿನ ಒಂದು ಬೆಳಗ್ಗೆ, ಕರಣಕೋಟದ ದಾರಿಯಲ್ಲಿ ಗಣಿಯ ಬಾಯಿಗಿದ್ದ ಲಚ್ಚಮ್ಮನ ಚಹಾದಂಗಡಿಯ ಮುಂದೆ, ಡ್ರೈವರುಗಳೂ ಕಲ್ಲು ಸೀಳುವವರೂ ಕೂತಿದ್ದಾಗ ಆತ್ಮಾರಾಮ ಜೀಪಿನಿಂದ ಇಳಿದ.

"ಖಂಡ್ಯಾ, ಎಂಜಿನ್ ಒಣಗ್ಯದ. ನೆಲಾನೂ ಒಣಗ್ಯದ. ಮತ್ತ ಒದ್ದಿ ಆಗಿದ್ದು ಯಾರ ಮನಿ?"

ಗಣಿಗೆ ಬಂದ ಹದಿನಾಲ್ಕು ವರ್ಷದಲ್ಲಿ ಅವನನ್ನು ಯಾರೂ ಹಗುರವಾಗಿ ಖಂಡ್ಯಾ ಎಂದಿರಲಿಲ್ಲ. ಅವನು ಚಹಾದ ಕಪ್ಪನ್ನು ಕೆಳಗಿಟ್ಟು ಎದ್ದ.

"ಗಾಡಿ ಕುಡೀಲಾಕತ್ತದ್ರಿ ಸಾವ್ಕಾರ್ರ. ನಾ ಬಿಚ್ಚಿ ನೋಡೀನಿ."

"ಗಾಡಿ ಕುಡೀತದಂತ!" ಆತ್ಮಾರಾಮ ಎಲ್ಲರ ಕಡೆಗೂ ತಿರುಗಿದ. "ಸಂಜೀಕ ಅದನ್ನೂ ಸೇಂದಿ ಅಂಗಡಿಗಿ ಕರ್ಕೊಂಡು ಹೋಗ್ರಪಾ, ಜತಿ ಆಗ್ತದ."

ಎಲ್ಲರೂ ನಕ್ಕರು. ಖಂಡೆಪ್ಪನ ಜೊತೆ ಒಂದೇ ತಟ್ಟೆಯಲ್ಲಿ ಉಂಡಿದ್ದ ಡ್ರೈವರ್ ಬಕ್ಕಪ್ಪನೂ ನಕ್ಕ. ನಗು ನಿಂತ ಮೇಲೆ ಆತ್ಮಾರಾಮ ಮಾತು ತಗ್ಗಿಸಿ, ಉಪಕಾರ ಮಾಡುವವನಂತೆ ಹೇಳಿದ: "ಜಗಳ ಬ್ಯಾಡ. ಭಂಡಾರ ತರಸ್ತೀನಿ. ಕೈ ಇಟ್ಟು ಇಲ್ಲ ಅನ್ನು, ಮಾತು ಮುಗೀತು. ಮನಿ ಹೆಸರೇ ಆಣಿ ಇದ್ದಾವಗ ಆಣಿ ಮಾಡಾಕ ಏನು ಕಷ್ಟ?"

"ಮಾಡಂಗಿಲ್ಲ."

"ಯಾಕ? ಕೈ ನಡಗ್ತದ?"

"ಕದ್ದಾವ ಆಣಿ ಮಾಡಲಿ. ನಾ ಯಾಕ ಮಾಡ್ಲಿ? ಗಾಡಿ ಕುಡದದ, ಗಾಡೀನೇ ಹೇಳಬೇಕು. ಹೇಳಸ್ತೀನಿ. ಇದೇ ಜಾಗಾದಾಗ, ಇದೇ ಮಂದಿ ಮುಂದ ಹೇಳಸ್ತೀನಿ. ಆಗ ನೀವು ಅಂದ ಮಾತು ನೀವೇ ಹಿಂದಕ್ಕ ತಗೋಬೇಕು."

ಆ ಗಾಡಿ ಓಡಿಸಲು ಬೇರೆ ಡ್ರೈವರ್ ಇಲ್ಲದ್ದರಿಂದ ಆತ್ಮಾರಾಮ ಅದಕ್ಕೆ ಒಪ್ಪಿದ. ಆದರೆ ಆಣೆಗೆ ಒಲ್ಲೆ ಎಂದ ಗಳಿಗೆಯಿಂದಲೇ ಗಣಿಯ ಅರ್ಧ ಮಂದಿಗೆ ಖಂಡೆಪ್ಪ ಕಳ್ಳನೆಂಬುದು ಖಾತ್ರಿಯಾಗಿಹೋಗಿತ್ತು. ಮನೆಯಲ್ಲಿ ಚಂದ್ರಾಬಾಯಿಯೂ ಕೇಳಿದಳು: "ಒಂದು ಚಿಟಿಕಿ ಭಂಡಾರ ಮುಟ್ಟಿದ್ರ ಮುಗೀತಿತ್ತಲ್ಲ?"

"ಮುಗೀತಿತ್ತು? ನಮ್ಮಪ್ಪಂದು ಮುಗದದ ಏನು? ಅವ ಸತ್ತು ಒಂಬತ್ತು ವರ್ಷ ಆತು, ಇನ್ನಾ ಮುಗದಿಲ್ಲ." ಆ ರಾತ್ರಿ ಅವನು ಊಟ ಮಾಡಲಿಲ್ಲ.

ಗಾಡಿ ಎಣ್ಣೆ ಕುಡಿಯುತ್ತದೆ ಎಂದದ್ದು ಬರಿಯ ಮಾತಲ್ಲ. ಎಂಜಿನ್ನಿನ ಹೊಟ್ಟೆಯಲ್ಲಿ ಒತ್ತಡದ ಆವಿ ತುಂಬುತ್ತದೆ. ಅದು ಹೊರಬೀಳಲು ಒಂದು ಉಸಿರುಕೊಳವೆ ಇರುತ್ತದೆ. ಆ ಆವಿಯಲ್ಲಿ ಎಣ್ಣೆ ಮಂಜಿನಂತೆ ಬೆರೆತಿರುತ್ತದೆ. ಹಳೆಯ ಲಾರಿಗಳಲ್ಲಿ ಕೊಳವೆ ಕೆಳಕ್ಕೆ ಜೋತುಬಿದ್ದು ರಸ್ತೆಯ ಮೇಲೆ ಹನಿಯುತ್ತದೆ, ಎಲ್ಲರಿಗೂ ಕಾಣುತ್ತದೆ. ಈ ಟಿಪ್ಪರಿನಲ್ಲಿ ಕೊಳವೆಯ ಬಾಯಿಯನ್ನು ಟರ್ಬೊ ಗಾಳಿ ಎಳೆಯುವ ಪೈಪಿಗೇ ಜೋಡಿಸಿದ್ದರು. ಮುಪ್ಪಾದ ಎಂಜಿನ್ ತಾನು ಉಸಿರಿದ ಎಣ್ಣೆಯನ್ನು ತಾನೇ ಎಳೆದುಕೊಂಡು ಸುಡುತ್ತಿತ್ತು. ಏರು ಹತ್ತುವಾಗ ಬರುತ್ತಿದ್ದ ನೀಲಿ ಹೊಗೆ ಅದೇ. ಖಂಡೆಪ್ಪ ಆ ಪೈಪು ಬಿಚ್ಚಿ ಒಳಗೆ ಬೆರಳಾಡಿಸಿದ್ದ. ಬೆರಳು ಕಪ್ಪಗೆ ಜಿಡ್ಡಾಗಿ ಹೊರಬಂದಿತ್ತು.

ಬಕ್ಕಪ್ಪ ಮೆತ್ತಗೆ ಬಂದು ಸಲಹೆ ಕೊಟ್ಟ: "ಕೊಳವಿ ಕಿತ್ತಿ ಕೆಳಗ ಬಿಡು ಮಾರಾಯ. ನೆಲದ ಮ್ಯಾಲ ಬೀಳ್ತದ, ಎಲ್ಲಾರೂ ನೋಡ್ತಾರ."

"ನೆಲದ ಮ್ಯಾಲ ಬಿದ್ದಿದ್ದು ಹ್ಯಾಂಗ ಅಳೀತೀ? ನಾನೇ ಚೆಲ್ಲೀನಿ ಅಂತಾರ. ನಗಾವ್ರು ಸಲಹಾ ಕೊಡಬಾರದು ಬಕ್ಕಪ್ಪ, ಹೋಗು."

ಎಣ್ಣೆಯನ್ನು ದಾರಿಯಲ್ಲೇ ಹಿಡಿಯುವ ಒಂದು ಡಬ್ಬಿ ಬೇಕಿತ್ತು. ಮೊದಲು ವನಸ್ಪತಿ ತುಪ್ಪದ ಡಬ್ಬಿ ನೋಡಿದ. ತೆಳು ತಗಡು, ಟರ್ಬೊದ ಎಳೆತಕ್ಕೆ ಅರ್ಧ ದಿನದಲ್ಲಿ ಒಳಕ್ಕೆ ನೆಗ್ಗಿತು. ಹಾಲಿನ ಅಲ್ಯುಮಿನಿಯಂ ಕ್ಯಾನಿಗೆ ಇಡಲು ಜಾಗವಿರಲಿಲ್ಲ. ಕೊನೆಗೆ ಅವನ ಕಣ್ಣು ಮನೆಯ ಸೀಮೆಎಣ್ಣೆ ಸ್ಟವ್ವಿನ ಮೇಲೆ ಬಿತ್ತು. ದಪ್ಪ ಹಿತ್ತಾಳೆಯ ಟ್ಯಾಂಕು, ಎರಡು ಲೀಟರ್ ಹಿಡಿಯುವಂಥದು, ತಿರುಪಿನ ಬಾಯಿ ಮೊದಲೇ ಇತ್ತು. ಚಂದ್ರಾಬಾಯಿಗೆ ಅವಳ ಅಣ್ಣ ಕೊಡಿಸಿದ್ದು.

"ಒಯ್ರಿ, ಅದನ್ನೂ ಒಯ್ರಿ," ಎಂದಳು ಚಂದ್ರಾಬಾಯಿ. "ನಾ ಮತ್ತ ಒಲಿ ಊದಕೋತ ಕೂಡ್ತೀನಿ. ಆತ್ಮಾರಾಮನ ಹೊಗಿ ನಿಮಗ, ಕಟಗಿ ಹೊಗಿ ನನಗ."

ಜಹೀರಾಬಾದಿನ ಲೇತ್ ಅಂಗಡಿಯ ವೀರಪ್ಪ ಟ್ಯಾಂಕಿಗೆ ಎರಡು ಕೊಳವೆ ಬೆಸೆದು, ತಳಕ್ಕೆ ಒಂದು ನಲ್ಲಿ ಕೂಡಿಸಿದ. ಲೆಕ್ಕಾಚಾರ ಖಂಡೆಪ್ಪನದು. ಅವನ ಅಪ್ಪ ಗುಡಗುಡಿ ಸೇದುತ್ತಿದ್ದ. ಗುಡಗುಡಿಯಲ್ಲಿ ಹೊಗೆ ಉದ್ದ ಕೊಳವೆಯಿಂದ ತಳಕ್ಕಿಳಿದು, ನೀರಿನಲ್ಲಿ ಮುಳುಗಿ, ತೊಳೆದುಕೊಂಡು ಮೇಲಿನ ಗಿಡ್ಡ ಕೊಳವೆಯಿಂದ ಬಾಯಿಗೆ ಬರುತ್ತದೆ. ಕೊಳೆಯೆಲ್ಲ ಕೆಳಗೇ ಉಳಿಯುತ್ತದೆ. ಇದೂ ಹಾಗೆಯೇ ಆಗಬೇಕು. ಉದ್ದ ಕೊಳವೆಯನ್ನು ತಳ ಮುಟ್ಟಿಸಿದ. ಟ್ಯಾಂಕಿಗೆ ಅರ್ಧ ಲೀಟರ್ ನೀರು ಹೊಯ್ದ.

"ನೀರು ಯಾಕೋ ಖಂಡೆಪ್ಪ?" ಎಂದ ವೀರಪ್ಪ.

"ನೀರಿಲ್ಲದ ಗುಡಗುಡಿ ಎಲ್ಯಾದ್ರೂ ನೋಡೀರೇನ್ರಿ?"

ವೀರಪ್ಪ ಬೀಡಿಯನ್ನೂ ಮುಟ್ಟದವನು. ತನಗೆ ತಿಳಿಯದ ವಿಷಯವೆಂದು ಲೇತಿನ ಕಡೆಗೆ ತಿರುಗಿದ.

ನವೆಂಬರಿನಲ್ಲಿ ಎರಡು ದಿನ ಗಾಡಿ ಓಡಿಸಿ, ಮೂರನೆಯ ಬೆಳಗ್ಗೆ ಖಂಡೆಪ್ಪ ಲಚ್ಚಮ್ಮನ ಅಂಗಡಿಯ ಮುಂದೆ ಟಿಪ್ಪರ್ ನಿಲ್ಲಿಸಿದ. ಎಲ್ಲರೂ ಸುತ್ತ ನೆರೆದರು. ಆತ್ಮಾರಾಮ ಜೀಪಿಗೆ ಒರಗಿ ನಿಂತ. ಖಂಡೆಪ್ಪ ಕೆಳಗೆ ಒಂದು ಪಾತ್ರೆ ಹಿಡಿದು ನಲ್ಲಿ ತಿರುವಿದ. ಕಪ್ಪು ಎಣ್ಣೆ ಬರಲಿಲ್ಲ. ಬೆಳ್ಳಗೆ, ಗಟ್ಟಿಯಾಗಿ, ನೊರೆನೊರೆಯಾಗಿ ಏನೋ ಸುರಿಯಿತು.

ಆತ್ಮಾರಾಮ ಕೂಗಿದ: "ಲಚ್ಚಮ್ಮಾ, ಗ್ಲಾಸು ತಾ! ಖಂಡ್ಯಾ ಎಲ್ಲಾರಿಗೂ ಮಜ್ಜಿಗಿ ಹಂಚ್ತಾನ!"

"ಉಪ್ಪು ಹಾಕಲೇನ್ರಿ?" ಎಂದ ಯಾರೋ ಹಿಂದಿನಿಂದ.

ಗಣಿಯಲ್ಲಿ ಅಂಥ ನಗು ಅದಕ್ಕೆ ಮುಂಚೆ ಎದ್ದಿರಲಿಲ್ಲ. ಲಚ್ಚಮ್ಮ ಒಬ್ಬಳು ನಗಲಿಲ್ಲ, ಆದರೆ ಅವಳೂ ಮುಖ ಬೇರೆ ಕಡೆ ತಿರುಗಿಸಿದಳು. ಖಂಡೆಪ್ಪನಿಗೆ ನಗುವಿಗಿಂತ ಅದೇ ಹೆಚ್ಚು ನಾಟಿತು. ಹೇಳುವಾಗ, ಮೂರು ವರ್ಷದ ನಂತರವೂ, ಅವನ ಕುತ್ತಿಗೆಯ ನರ ಉಬ್ಬಿತು. "ಆ ಹೊತ್ತಿನ್ಯಾಗ ಕೈಯಾಗ ಪಾನಾ ಇತ್ರಿ. ಇಪ್ಪತ್ತೆರಡರ ಪಾನಾ. ಆತ್ಮಾರಾಮ ಮೂರು ಹೆಜ್ಜಿ ದೂರ ಇದ್ದ. ಪಾನಾ ಕೆಳಗಿಟ್ಟೀನಿ ಅನ್ನೋದು ಮರೀದ ಬರ್ಕೋರಿ." ಬರೆದುಕೊಳ್ಳಲಾಯಿತು.

ಆ ಬಿಳಿ ದ್ರವವನ್ನು ಅವನು ಚೆಲ್ಲಲಿಲ್ಲ. ಒಂದು ಗಾಜಿನ ಬಾಟಲಿಗೆ ತುಂಬಿ, ತಾಂಡೂರಿನ ಬಾಡಿಗೆ ಕೋಣೆಯ ಕಿಟಕಿಯಲ್ಲಿ ಬಿಸಿಲಿಗೆ ಇಟ್ಟ. ಸಿಟ್ಟಿಗೆ ಇಟ್ಟದ್ದು, ಏನೋ ತಿಳಿದುಕೊಳ್ಳಲು ಅಲ್ಲ. ದಿನಾ ಅದನ್ನು ನೋಡಿ ಆತ್ಮಾರಾಮನನ್ನು ಬೈಯುವುದು, ಕೆಲಸಕ್ಕೆ ಹೋಗುವುದು. ನಾಲ್ಕನೆಯ ದಿನ ಚಂದ್ರಾಬಾಯಿ ಕಸ ಗುಡಿಸುತ್ತಿದ್ದವಳು ನಿಂತು ನೋಡಿದಳು.

"ಇಲ್ಲಿ ಬರ್ರಿ. ನಿಮ್ಮ ಮಜ್ಜಿಗಿ ಒಡದದ."

ತಳದಲ್ಲಿ ಕದಡಿದ ನೀರು. ಮೇಲೆ ನಾಲ್ಕು ಬೆರಳು ಕಪ್ಪು ಎಣ್ಣೆ. ಎಣ್ಣೆ ಬಂದೇ ಬಂದಿತ್ತು. ಎರಡು ದಿನ ಆವಿ ಗುಡುಗುಡು ಎಂದು ಕಡೆದದ್ದರಿಂದ ನೀರಿಗೆ ಬೆರೆತು ಬೆಳ್ಳಗಾಗಿತ್ತು, ಅಷ್ಟೇ. ತಪ್ಪು ಗಾಡಿಯದಾಗಿರಲಿಲ್ಲ, ಅಪ್ಪನ ಗುಡಗುಡಿಯದೂ ಆಗಿರಲಿಲ್ಲ, ಅವನೇ ಹೊಯ್ದ ನೀರಿನದಾಗಿತ್ತು. ಅವನು ಬಾಟಲಿಯನ್ನು ಎತ್ತಿಕೊಂಡು ಗಣಿಗೆ ಓಡಬಹುದಿತ್ತು. ಓಡಲಿಲ್ಲ. ನಾಲ್ಕು ದಿನ ಮನೆಯಲ್ಲಿಟ್ಟುಕೊಂಡ ಬಾಟಲಿಯನ್ನು ಯಾರು ನಂಬುತ್ತಾರೆ?

ಮತ್ತೆ ಬಸ್ಸು ಹತ್ತಿ ವೀರಪ್ಪನ ಲೇತಿಗೆ ಹೋದ. ಈ ಸಲ ನೀರಿಲ್ಲ. ಉದ್ದ ಕೊಳವೆಯನ್ನು ಅರ್ಧಕ್ಕೆ ಕತ್ತರಿಸಿದರು. ತಳ ಮುಟ್ಟಿದರೆ ಸಂಗ್ರಹವಾದ ಎಣ್ಣೆಯನ್ನೇ ಊದಿ ಮತ್ತೆ ಮೇಲಕ್ಕೆ ಎಬ್ಬಿಸುತ್ತದೆ. ಎರಡು ಕೊಳವೆಗಳ ನಡುವೆ ಲೇತಿನಿಂದ ಬಿದ್ದ ಹಿತ್ತಾಳೆಯ ಸುರುಳಿಗಳನ್ನು ತೊಳೆದು ಸಡಿಲವಾಗಿ ತುಂಬಿದರು. ಆವಿ ಆ ಸುರುಳಿಗಳಿಗೆ ಬಡಿದರೆ ಎಣ್ಣೆ ಹನಿಗಟ್ಟಿ ಕೆಳಗಿಳಿಯುತ್ತದೆ, ಗಾಳಿ ಮುಂದೆ ಹೋಗುತ್ತದೆ. ಒಂದು ಚೂರು ಹಿತ್ತಾಳೆ ಟರ್ಬೊದ ಚಕ್ರಕ್ಕೆ ಹೋದರೂ ಎಂಜಿನ್ ಮುಗಿಯಿತು. ಅದಕ್ಕೆ ಹೊರಹೋಗುವ ಬಾಯಿಗೆ ಚಹಾ ಸೋಸುವ ಎರಡು ಜಾಲರಿಗಳನ್ನು ಒಂದರ ಮೇಲೊಂದು ಬೆಸೆದರು. ಮೊದಲ ಸಲ ಡಬ್ಬಿಯನ್ನು ಟರ್ಬೊದ ಪಕ್ಕದಲ್ಲೇ ಕಟ್ಟಿದ್ದ, ಅಲ್ಲಿ ಕೈ ಇಡಲಾಗದಷ್ಟು ಕಾವು. ಕಾವಿಗೆ ಆವಿ ಆವಿಯಾಗಿಯೇ ಉಳಿಯುತ್ತದೆ. ಈಗ ಗಾಳಿ ಬಡಿಯುವಲ್ಲಿ, ಮುಂದಿನ ಚೌಕಟ್ಟಿನ ಪಟ್ಟಿಗೆ ರಬ್ಬರು ಕೊಟ್ಟು ಬಿಗಿದ. ಕೊಳವೆ ಎಲ್ಲೂ ಜೋಲದಂತೆ ಇಳಿಜಾರಾಗಿ ಎಳೆದ. ನೀರಿನ ರಬ್ಬರು ಪೈಪು ಎಣ್ಣೆಗೆ ಉಬ್ಬುತ್ತದೆಂದು ಡೀಸೆಲ್ ಪೈಪನ್ನೇ ಹಾಕಿದ.

ಇಷ್ಟಾದ ಮೇಲೆ ನೇರ ಮುನಷಿ ಶಂಕ್ರೆಪ್ಪನ ಮುಂದೆ ಹೋಗಿ ನಿಂತ.

"ಮುನಷಿ, ಅಂಚೆ ಪಾಕೀಟಿಗಿ ಹಚ್ಚೋ ಅರಗು ಅದ ಅಲ್ಲ? ತರ್ರಿ. ಎಂಜಿನ್ ಎಣ್ಣೀ ಮುಚ್ಚಳಕ್ಕ ಒಂದು ಮುದ್ರಿ, ಡಬ್ಬಿ ಬಾಯಿಗಿ ಒಂದು, ನಲ್ಲೀಗೊಂದು. ನಿಮ್ಮ ಕೈಲೇ ಒತ್ತ್ರಿ. ನಿಮ್ಮ ಉಂಗರಲೇ ಒತ್ತ್ರಿ."

"ನನ್ನ ಮ್ಯಾಲ ಯಾಕ ಸಿಟ್ಟೋ ಖಂಡೆಪ್ಪ? ನಾ ಬರೇ ಕಡ್ಡಿ ನೋಡಾವ."

"ನೀವು ಕಡ್ಡಿ ನೋಡಿದ್ರಿ, ಮಾರಿ ನೋಡಲಿಲ್ಲ. ಒತ್ತ್ರಿ."

ಶಂಕ್ರೆಪ್ಪ ಒತ್ತಿದ. ಎರಡು ದಿನ, ಹೋಗಿಬರುವ ಹದಿನಾಲ್ಕು ಖೇಪು, ತುಂಬಿದ ಗಾಡಿ. ಡಿಸೆಂಬರ್ ೯ರ ಬೆಳಗ್ಗೆ ಲಚ್ಚಮ್ಮನ ಅಂಗಡಿಯ ಮುಂದೆ ಮತ್ತೆ ಜನ ಸೇರಿದರು. ಈ ಸಲ ಕೆಲವರು ಗ್ಲಾಸು ಹಿಡಿದೇ ಬಂದಿದ್ದರು. ಶಂಕ್ರೆಪ್ಪ ಮುದ್ರೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ಒಡೆದಿಲ್ಲವೆಂದು ತಲೆಯಾಡಿಸಿ, ತಾನೇ ಮುರಿದ. ತನ್ನದೇ ಲೀಟರ್ ಮಾಪನ್ನು ಕೆಳಗೆ ಹಿಡಿದು ನಲ್ಲಿ ತಿರುವಿದ.

ಕಪ್ಪು ಎಣ್ಣೆ ದಾರದಂತೆ ಸುರಿಯಿತು. ಸುರಿಯುತ್ತಲೇ ಇತ್ತು. ಮಾಪಿನ ಕಂಠಕ್ಕೆ ಎರಡು ಬೆರಳು ಉಳಿದಾಗ ನಿಂತಿತು. ಅಳತೆಕಡ್ಡಿ ತೋರಿಸಿದ ಕೊರತೆ ಒಂದು ಲೀಟರ್. ಗ್ಲಾಸು ತಂದವರು ಅವನ್ನು ಬೆನ್ನ ಹಿಂದೆ ಹಿಡಿದುಕೊಂಡರು.

ಆತ್ಮಾರಾಮ ಮಾಪಿನೊಳಗೆ ಬಗ್ಗಿ ನೋಡಿದ. "ಆತು ಬಿಡು. ಡಬ್ಬಿ ಚೊಲೊ ಮಾಡೀದಿ. ಹತ್ತು, ಗಾಡಿ ತಗಿ, ಹೊತ್ತಾಗ್ಯದ."

"ಅಂದ ಮಾತು?"

"ಯಾವ ಮಾತು? ಎಣ್ಣಿ ಎಲ್ಲಾರಿಗೂ ಕಾಣ್ಲಾಕತ್ತದಲ್ಲ, ಮತ್ತೇನು ಹೇಳೋದು?"

"ಕಳ್ಳ ಅಂದಿದ್ದು ಬಾಯಿಲೆ ಅಂದ್ರಿ. ಅಲ್ಲ ಅನ್ನೋದೂ ಬಾಯಿಲೇ ಅನ್ರಿ."

ಆತ್ಮಾರಾಮ ಜೀಪು ಹತ್ತಿ ಹೊರಟುಹೋದ. ಖಂಡೆಪ್ಪ ಟಿಪ್ಪರಿನ ಕೆಳಗೆ ತೂರಿ, ಡಬ್ಬಿಯನ್ನು ಬಿಚ್ಚಿದ. ಹಳೆಯ ಪೈಪನ್ನು ಮೊದಲಿದ್ದ ಹಾಗೆಯೇ ಟರ್ಬೊದ ಬಾಯಿಗೆ ಕೂಡಿಸಿದ. ಕೀಲಿಕೈಯನ್ನು ಶಂಕ್ರೆಪ್ಪನ ಕೈಗಿಟ್ಟು, ಡಬ್ಬಿಯನ್ನು ಟವೆಲಿನಲ್ಲಿ ಕಟ್ಟಿಕೊಂಡು ಮನೆಗೆ ನಡೆದ.

ಆ ದಿನ ಟಿಪ್ಪರ್ ನಿಂತಿತು. ಮರುದಿನವೂ ನಿಂತಿತು. ಆತ್ಮಾರಾಮ ಬಕ್ಕಪ್ಪನಿಗೆ ಹತ್ತು ಎಂದ. ಬಕ್ಕಪ್ಪ ಕೈಕಟ್ಟಿ ನಿಂತುಕೊಂಡ: "ನಾ ಹತ್ತಂಗಿಲ್ರಿ ಸಾವ್ಕಾರ್ರ. ನಾಳಿ ಕಡ್ಡಿ ಕಡಿಮಿ ತೋರಸ್ತದ. ಆಗ ನನ್ನ ಮನಿ ಒದ್ದಿ ಆಗ್ಯದ ಅಂತೀರಿ." ಉಳಿದ ಡ್ರೈವರುಗಳೂ ಅದನ್ನೇ ಅಂದರು. ಇದು ಖಂಡೆಪ್ಪನ ಮೇಲಿನ ಪ್ರೀತಿಯಿಂದ ಬಂದದ್ದಲ್ಲ, ತಮ್ಮ ತಮ್ಮ ಹೆಸರಿನ ಭಯದಿಂದ ಬಂದದ್ದು ಎಂಬುದನ್ನು ಖಂಡೆಪ್ಪ ಒತ್ತಿ ಹೇಳುತ್ತಾನೆ. ಬಕ್ಕಪ್ಪ ಪ್ರತ್ಯೇಕ ಮಾತುಕತೆಯಲ್ಲಿ ಅದನ್ನು ಅಲ್ಲಗಳೆಯಲಿಲ್ಲ.

ಮೂರನೆಯ ದಿನ ಸಂಜೆ ಶಂಕ್ರೆಪ್ಪ ಕೋಣೆಯ ಬಾಗಿಲಿಗೆ ಬಂದ. "ನಾಳಿ ಹತ್ತಕ್ಕ ಬಾ. ಸಾವ್ಕಾರ ಆ ಮಾತು ಅಂತಾನಂತ." ಚಂದ್ರಾಬಾಯಿ ಒಲೆಯ ಮುಂದಿನಿಂದಲೇ ಕೇಳಿದಳು: "ಬಾಯಿಲೇ ಅಂತಾನೋ, ನಿಮ್ಮ ಕೈಲೆ ಕಡ್ಡಿ ಹಾಕಿ ತೋರಸ್ತಾನೋ?"

ಮರುದಿನ ಆತ್ಮಾರಾಮ ಅಂದ. ನೆಲ ನೋಡುತ್ತ, ತಗ್ಗಿದ ದನಿಯಲ್ಲಿ ಅಂದ. ಖಂಡೆಪ್ಪ ಕಿವಿಗೆ ಕೈ ಹಚ್ಚಿ, ಕೇಳಿಸಲಿಲ್ಲವೆಂದ. "ಭಂಡಾರ ತರಲೇನ್ರಿ ಸಾವ್ಕಾರ್ರ?" ಎಂದ ಬಕ್ಕಪ್ಪ ಹಿಂದಿನಿಂದ, ಈ ಸಲ ಯಾರೂ ನಗಲಿಲ್ಲ. ಆತ್ಮಾರಾಮ ಎರಡನೆಯ ಸಲ ಜೋರಾಗಿ ಅಂದ. ಖಂಡೆಪ್ಪ ಪೂರ್ತಿ ಕೇಳಿದ. ಗಾಡಿ ಹತ್ತಲಿಲ್ಲ. ಜಹೀರಾಬಾದಿನ ಬಸ್ಸು ಬರುವ ಕಡೆಗೆ ನಡೆದುಹೋದ. ಸಿಟ್ಟು ಇಳಿಯಿತೇ ಎಂದು ಕೇಳಿದಾಗ ಅವನು ಟೇಪು ತಿರುಗುತ್ತಿರುವುದನ್ನು ಒಮ್ಮೆ ನೋಡಿ, "ಇಳಿಯಾಕ ಅದೇನು ಜ್ವರಾನ್ರಿ? ತಾರೀಖು ಬರ್ಕೋರಿ ಮೊದಲು," ಎಂದ.

ಲಚ್ಚಮ್ಮ, ಶಂಕ್ರೆಪ್ಪ ಮತ್ತು ಬಕ್ಕಪ್ಪ ಈ ಮೂವರನ್ನೂ ಬೇರೆಬೇರೆಯಾಗಿ ಕೇಳಿ ತಾಳೆ ನೋಡಿದ ಮೇಲೆ ದಾಖಲಾದದ್ದು ಇದು: ೧೯೮೫ರ ಡಿಸೆಂಬರ್ ೧೨, ಗುರುವಾರ, ಬೆಳಗಿನ ಹತ್ತು ಗಂಟೆಯ ಸುಮಾರಿಗೆ, ಲಚ್ಚಮ್ಮನ ಚಹಾದಂಗಡಿಯ ಮುಂದೆ, ಗುತ್ತೇದಾರ ಆತ್ಮಾರಾಮ ಹನ್ನೊಂದು ಜನರ ಎದುರಿಗೆ ಎರಡು ಸಲ, "ಎಣ್ಣಿ ಖಂಡೆಪ್ಪ ಕದ್ದಿಲ್ಲ" ಎಂದು ಹೇಳಿದ.